ಖಾಲಿ ಹಾಸಿಗೆಗಳ ಪಾಳಿ

2022ರ ಡಿಸೆಂಬರ್ ಎಂಟರಂದು ಇಡೀ ಜರ್ಮನಿಯಲ್ಲಿ ಸೈರನ್ ಪರೀಕ್ಷೆ ಇತ್ತು. ಯುದ್ಧವೋ ಪ್ರವಾಹವೋ ಬಂದರೆ ಜನರನ್ನು ಎಚ್ಚರಿಸುವ ವ್ಯವಸ್ಥೆ ಸರಿಯಾಗಿದೆಯೇ ಎಂದು ನೋಡುವ ದಿನ ಅದು. ಬೆಳಿಗ್ಗೆ ಹನ್ನೊಂದಕ್ಕೆ ಏರಿಳಿಯುವ ಎಚ್ಚರಿಕೆಯ ಕೂಗು, ಮುಕ್ಕಾಲು ಗಂಟೆ ಕಳೆದು ಅಪಾಯ ಕಳೆಯಿತೆಂದು ತಿಳಿಸುವ ಒಂದೇ ಸಮನಾದ ಉದ್ದ ಕೂಗು. ಹ್ಯಾನೋವರ್‌ನಿಂದ ಪೂರ್ವಕ್ಕೆ ನಲವತ್ತು ಕಿಲೋಮೀಟರ್ ದೂರದ ಒಂದು ಸಣ್ಣ ಊರಿನಲ್ಲಿ ಮೊದಲನೆಯದು ಸರಿಯಾಗಿಯೇ ಆಯಿತು. ಎರಡನೆಯದು ಆಗಲಿಲ್ಲ. ಉಕ್ರೇನಿನಲ್ಲಿ ಯುದ್ಧ ಶುರುವಾದ ಮೇಲೆ ಅಗ್ನಿಶಾಮಕ ಠಾಣೆಯ ಮಾಡಿನ ಮೇಲೆ ಹೊಸದಾಗಿ ಕೂರಿಸಿದ್ದ ಸೈರನ್ ಅದು, ಎಲ್ಲೋ ಏನೋ ಕೈಕೊಟ್ಟಿತ್ತು. ಊರಿನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ, ಒಬ್ಬರನ್ನು ಬಿಟ್ಟು.

ಅವರು ಫಿಲೋಮಿನಾ ಮಥಾಯಸ್. ವಯಸ್ಸು ಎಪ್ಪತ್ತೆಂಟು, ನಿವೃತ್ತ ನರ್ಸ್, ಹುಟ್ಟಿದ್ದು ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ. ಸೈರನ್ ಕೂಗಿದಾಗ ಅವರು ಅಡುಗೆಮನೆಯಲ್ಲಿದ್ದರು. ಒಲೆ ಆರಿಸಿದರು, ಕೋಟು ಹಾಕಿಕೊಂಡರು, ಮೂರು ಬೀದಿ ದಾಟಿ ವೃತ್ತಿಶಿಕ್ಷಣ ಶಾಲೆಗೆ ನಡೆದು ಹೋಗಿ ಅದರ ಹಿಂಬದಿಯ ಒಂದು ಬೋಳು ಗೋಡೆಯ ಮುಂದೆ ನಿಂತರು. ಎರಡನೆಯ ಕೂಗು ಬರುವವರೆಗೆ ಅಲ್ಲಿಂದ ಕದಲುವಂತಿರಲಿಲ್ಲ. ಅದು ಬರಲಿಲ್ಲ. ಆ ದಿನ ನೀರು ಹೆಪ್ಪುಗಟ್ಟುವ ಚಳಿ. ಕತ್ತಲಾದ ಮೇಲೆ ದೀಪ ಆರಿಸಲು ಬಂದ ಶಾಲೆಯ ಕಾವಲುಗಾರ ನೋಡಿದಾಗ ಅವರ ತುಟಿ ನೀಲಿಯಾಗಿತ್ತು. ಆತ ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು, "ಇನ್ನೂ ಬಿಡುಗಡೆ ಆಗಿಲ್ಲ." ಆತ ಆಂಬುಲೆನ್ಸ್ ಕರೆದ.

ಆಸ್ಪತ್ರೆಯವರು ಫೋನ್ ಮಾಡಿದ್ದು ಜೆನಿಫರ್‌ಗೆ. ಜೆನಿಫರ್ ಅವರ ಕೊನೆಯ ತಂಗಿಯ ಮಗಳು, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಹ್ಯಾನೋವರ್‌ಗೆ ಬಂದು ಮೂರು ವರ್ಷವಾಗಿತ್ತು. ವಾಹನಗಳ ಬಿಡಿಭಾಗ ಮಾಡುವ ನಮ್ಮ ಕಂಪನಿಯಲ್ಲಿ ಅವಳು ಸಾಫ್ಟ್‌ವೇರ್ ಕಡೆ, ನಾನು ರಬ್ಬರ್ ಪರೀಕ್ಷಿಸುವ ಲ್ಯಾಬಿನಲ್ಲಿ. ನಾನು ಬ್ರಹ್ಮಾವರದವನು, ಹೆಸರು ರಾಮದಾಸ್. ಅವಳಲ್ಲಿ ಕಾರಿರಲಿಲ್ಲ, ನನ್ನಲ್ಲಿ ಇತ್ತು. ಮಾರನೆಯ ದಿನ ನಾನು ಅವಳನ್ನು ಕರೆದುಕೊಂಡು ಹೋದೆ. ಅವರಿಬ್ಬರ ಮನೆಮಾತು ಕೊಂಕಣಿ. ನಾನಿದ್ದಾಗ ಕನ್ನಡದಲ್ಲೇ ಮಾತನಾಡುತ್ತಿದ್ದರು; ಮಾವ್ಶಿ, ಅಂದರೆ ದೊಡ್ಡಮ್ಮ, ಎಂಬ ಕರೆ ಮಾತ್ರ ಕೊಂಕಣಿಯದು.

"ಮಾವ್ಶಿ, ಅಲ್ಲಿ ಎಂತಕ್ಕೆ ನಿಂತದ್ದು?"

"ಸೈರನ್ ಆಯ್ತಲ್ಲ."

"ಅದು ಟೆಸ್ಟ್."

"ಗೊತ್ತುಂಟು. ಪೇಪರಲ್ಲಿ ಬಂದಿತ್ತು."

"ಗೊತ್ತಿದ್ದೂ ಹೋದದ್ದಾ?"

"ಟೆಸ್ಟಿಗೆ ಹೋಗದವರು ನಿಜದ್ದಕ್ಕೆ ಹೋಗ್ತಾರಾ?" ಫಿಲೋಮಿನಾ ಬಾಯಿ ಹೊದಿಕೆಯ ಅಂಚನ್ನು ಸರಿಮಾಡಿದರು. "ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ. ಎರಡನೇ ಸೈರನ್ ಆಗದ್ದು ಅವರ ತಪ್ಪು, ನನ್ನದಲ್ಲ."

ಜೆನಿಫರ್ ನನ್ನ ಕಡೆ ತಿರುಗಿದಳು. "ನೀವೇ ಹೇಳಿ ಮಾರಾಯ್ರೆ. ನನ್ನ ತಲೆ ಓಡುವುದಿಲ್ಲ."

ನಾನು ಫಿಲೋಮಿನಾ ಬಾಯಿಯ ಕಡೆ ತಿರುಗಿ, ಆ ಗೋಡೆಯ ಹಿಂದೆ ಏನಿದೆ ಎಂದು ಕೇಳಿದೆ.

"ಬಾಗಿಲು ಇತ್ತು, ಮುಚ್ಚಿದ್ದಾರೆ. ಒಳಗೆ ಮೆಟ್ಟಿಲು. ಕೆಳಗೆ ನಾನ್ನೂರು ಹಾಸಿಗೆಯ ಆಸ್ಪತ್ರೆ," ಎಂದರು ಫಿಲೋಮಿನಾ ಬಾಯಿ. "ನಾನು ಅಲ್ಲಿ ಡ್ಯೂಟಿಯಲ್ಲಿದ್ದದ್ದು. ಇಪ್ಪತ್ತನಾಲ್ಕು ವರ್ಷ."

"ರೋಗಿಗಳು?"

"ಒಬ್ಬರೂ ಬರ್ಲಿಲ್ಲ."

ವೈದ್ಯ ಚಿಕ್ಕ ಪ್ರಾಯದವನು, ಒರಟನಲ್ಲ. ತಾರೀಖು, ತಿಂಗಳು, ಊರು ಕೇಳಿದ್ದಾನೆ, ಎಲ್ಲವೂ ಸರಿ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದಿದ್ದಾನೆ; ಅವರು ಎರಡರವರೆಗೆ ಇಳಿದು, "ಇನ್ನೂ ಕೆಳಗೆ ಹೋಗ್ಬೇಕಾ?" ಎಂದು ಕೇಳಿದ್ದಾರೆ. ನೆನಪಿಗೆ ಏನೂ ಆಗಿಲ್ಲ, ಅದೇ ತನಗೆ ತೊಡಕು ಎಂದು ಅವನು ಜೆನಿಫರ್‌ಗೆ ಹೇಳಿದ. ಕಾಯಿಲೆಯಾಗಿದ್ದರೆ ಹೆಸರು ಇರುತ್ತಿತ್ತು. ಆದರೆ ಇನ್ನೊಮ್ಮೆ ಹೀಗೆ ಚಳಿಯಲ್ಲಿ ಸಿಕ್ಕಿದರೆ ತಾನು ನ್ಯಾಯಾಲಯಕ್ಕೆ ಬರೆಯಲೇಬೇಕಾಗುತ್ತದೆ. ನ್ಯಾಯಾಲಯದವರು ಒಬ್ಬ ಪಾಲಕನನ್ನು ನೇಮಿಸುತ್ತಾರೆ, ಆಮೇಲೆ ಒಂಟಿ ಮನೆ ಇರುವುದಿಲ್ಲ, ವೃದ್ಧಾಶ್ರಮ.

ಊರಿನ ವೃದ್ಧಾಶ್ರಮದಲ್ಲಿ ಆಗ ಖಾಲಿ ಇದ್ದದ್ದು ನೆಲಮಹಡಿಯ ಇಬ್ಬರ ಕೋಣೆಯಲ್ಲಿ ಒಂದು ಮಂಚ. ಜೆನಿಫರ್ ಹೋಗಿ ನೋಡಿ ಬಂದಳು.

"ಕಿಟಕಿ ಉಂಟಾ?" ಎಂದರು ಫಿಲೋಮಿನಾ ಬಾಯಿ.

"ಉಂಟು, ಒಂದು."

"ಅದರಲ್ಲಿ ಎಂತ ಕಾಣ್ತದೆ?"

"ಪಕ್ಕದ ಕಟ್ಟಡದ ಗೋಡೆ."

ಅವರ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿ, ಮೂಲೆಯದು. ಮೂರು ದಿಕ್ಕಿಗೂ ಕಿಟಕಿಗಳಿವೆ. ಭೂಮಿಯ ಕೆಳಗಿನ ಕೆಲಸ ಮುಗಿದ ವರ್ಷ ಅದನ್ನು ಹುಡುಕಿ ಹಿಡಿದಿದ್ದರು. ಕಿಟಕಿಗಳಿಗೆ ಪರದೆ ಹಾಕಿರಲಿಲ್ಲ. ಆ ಮನೆಯಿಂದ ಅವರನ್ನು ಎಬ್ಬಿಸಬಾರದು, ಜೆನಿಫರ್‌ಗೆ ಬೇಕಾದದ್ದು ಅಷ್ಟೇ. ಮುಂದಿನ ಸೈರನ್ ದಿನ ಯಾವಾಗ ಎಂದು ನೋಡಿದೆವು. 2023ರ ಸೆಪ್ಟೆಂಬರ್ ಹದಿನಾಲ್ಕು. ಒಂಬತ್ತು ತಿಂಗಳಿತ್ತು.

ಆ ಚಳಿಗಾಲದಲ್ಲಿ ಭಾನುವಾರಗಳಂದು ನಾವು ಅವರ ಮನೆಗೆ ಹೋಗುತ್ತಿದ್ದೆವು. ಕೇಳಿದ್ದಕ್ಕೆ ಅವರು ಉತ್ತರ ಕೊಡುತ್ತಿದ್ದರು, ಕೇಳದ್ದನ್ನು ಹೇಳುತ್ತಿರಲಿಲ್ಲ. ಅವರ ಜೀವನ ನನಗೆ ಗೊತ್ತಾದದ್ದು ಹಾಗೆ, ಒಂದೊಂದೇ ಪ್ರಶ್ನೆಯಿಂದ.

ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಎರಡಾಯಿತು. ಪೂರ್ವದ್ದು ರಷ್ಯದ ಕಡೆ, ಪಶ್ಚಿಮದ್ದು ಅಮೆರಿಕದ ಕಡೆ. ಪೂರ್ವದಿಂದ ಜನ ಪಶ್ಚಿಮಕ್ಕೆ ಬರುತ್ತಲೇ ಇದ್ದರು, ಅವರಲ್ಲಿ ನರ್ಸುಗಳೂ ಇದ್ದರು. 1961ರಲ್ಲಿ ಪೂರ್ವದವರು ಬರ್ಲಿನ್ನಿನಲ್ಲಿ ಗೋಡೆ ಕಟ್ಟಿ ದಾರಿ ಮುಚ್ಚಿದರು. ಪಶ್ಚಿಮದ ಆಸ್ಪತ್ರೆಗಳಲ್ಲಿ ಕೈಗಳು ಸಾಲದಾದವು. ಇಗರ್ಜಿಗಳ ಮೂಲಕ ದೂರ ದೇಶಗಳಿಗೆ ಸುದ್ದಿ ಹೋಯಿತು. ಹಾಗೆ ಒಂದು ಭಾನುವಾರ ಕಲ್ಯಾಣಪುರದಲ್ಲಿ ಪೂಜೆ ಮುಗಿದ ಮೇಲೆ ಪಾದ್ರಿಗಳು, ಜರ್ಮನಿಯಲ್ಲಿ ನರ್ಸಿಂಗ್ ಕಲಿಯಲು ಹೋಗುವ ಹುಡುಗಿಯರು ಇದ್ದಾರೆಯೇ ಎಂದು ಕೇಳಿದರು. ಏಳು ಮಕ್ಕಳ ಮನೆಯ ಹಿರಿಯ ಮಗಳು ಫಿಲೋಮಿನಾ ಎದ್ದು ನಿಂತರು.

"ಗೋಡೆ ಕಟ್ಟಿದ್ದಕ್ಕೆ ನಾನು ಬಂದದ್ದು ಅಂತ ಆಗ ಗೊತ್ತಿರಲಿಲ್ಲ," ಎಂದರು. "ಗೊತ್ತಿದ್ರೂ ಬರ್ತಿದ್ದೆ. ಮನೆಯಲ್ಲಿ ಅಕ್ಕಿ ಸಾಕಾಗ್ತಿರ್ಲಿಲ್ಲ."

ಇಪ್ಪತ್ತರ ವಯಸ್ಸಿನಲ್ಲಿ ಬಂದರು. ಮೂರು ವರ್ಷ ಕಲಿತರು, ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದರು. ಆಗ ಪಶ್ಚಿಮ ಜರ್ಮನಿಯ ಸರ್ಕಾರ ಅಣುಯುದ್ಧ ಬರಬಹುದೆಂದು ನೆಲದಡಿಯಲ್ಲಿ ಆಸ್ಪತ್ರೆಗಳನ್ನು ಕಟ್ಟಿಸಿ ಸಿದ್ಧವಾಗಿ ಇಡುತ್ತಿತ್ತು. ಇವರ ಊರಿನಿಂದ ಗಡಿಗೆ ಕಾರಿನಲ್ಲಿ ಅರ್ಧ ಗಂಟೆ. ಶಾಲೆಯ ಕೆಳಗೆ ಎರಡು ಅಂತಸ್ತಿನಲ್ಲಿ ಎಲ್ಲವೂ ಇತ್ತು: ಶಸ್ತ್ರಚಿಕಿತ್ಸೆಯ ಕೋಣೆ, ಎಕ್ಸ್‌ರೇ, ಅಡುಗೆಮನೆ, ಸ್ವಂತ ಬಾವಿ, ಡೀಸೆಲ್ ಯಂತ್ರ. ಅದನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬ ನರ್ಸ್ ಬೇಕಿತ್ತು. ಬಿಸಿಲಿಲ್ಲದ ಕೆಲಸವೆಂದು ಜರ್ಮನ್ ನರ್ಸುಗಳು ಒಪ್ಪಲಿಲ್ಲ. ಇವರನ್ನು ಕೇಳಿದರು. ಜರ್ಮನ್ ಪೌರತ್ವ ಇದ್ದವರೇ ಆಗಬೇಕೆಂಬ ನಿಯಮವಿತ್ತು. ಫಿಲೋಮಿನಾ ಬಾಯಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಬಂದರು.

"ಬೇಜಾರಾಗ್ಲಿಲ್ವಾ?" ಎಂದು ಜೆನಿಫರ್ ಕೇಳಿದಳು.

"ಆ ದಿನ ಮಧ್ಯಾಹ್ನ ರಜೆ ಸಿಕ್ಕಿತು. ಬಟ್ಟೆ ಒಗೆದೆ."

1972ರಿಂದ ದಿನಾ ಬೆಳಿಗ್ಗೆ ಕೆಳಗೆ ಇಳಿಯುವುದು, ಸಂಜೆ ಮೇಲೆ ಬರುವುದು. ರಬ್ಬರ್ ಕೈಗವಸುಗಳಿಗೆ ಪುಡಿ ಹಾಕಿ ತಿರುಗಿಸಿಡಬೇಕು, ಇಲ್ಲದಿದ್ದರೆ ಅಂಟಿಕೊಳ್ಳುತ್ತವೆ. ಚೂರಿ ಕತ್ತರಿಗಳನ್ನು ಮತ್ತೆ ಮತ್ತೆ ಉಗಿಯಲ್ಲಿಟ್ಟು ಕಟ್ಟಬೇಕು. ಹೆಚ್ಚು ಕೆಲಸ ಕಂಬಳಿಗಳದ್ದು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಕಂಬಳಿ ಆ ಗೆರೆಯಲ್ಲೇ ಹರಿಯುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ವರ್ಷಕ್ಕೆ ಎರಡು ಸಲ ಬಿಚ್ಚಿ, ಕೊಡವಿ, ಬೇರೆ ಗೆರೆಯಲ್ಲಿ ಮಡಿಸಬೇಕು. ಕೊನೆಯ ಕೋಣೆ ಮುಗಿಯುವಾಗ ಮೊದಲ ಕೋಣೆಯ ಸರದಿ ಬಂದಿರುತ್ತಿತ್ತು. ರಬ್ಬರಿನ ಮಾತು ನನಗೆ ಅರ್ಥವಾಗುವಂಥದ್ದು. ಯಾವ ಪುಡಿ ಎಂದು ಕೇಳಿದೆ. "ಟಾಲ್ಕ್. ಸೀನು ಬರ್ತಿತ್ತು," ಎಂದರು.

ಅವರಿಗೆ ಒಂದು ಸ್ಥಾಯಿ ಆದೇಶವಿತ್ತು. ಆಗಲೂ ಪಶ್ಚಿಮ ಜರ್ಮನಿಯಲ್ಲಿ ವರ್ಷಕ್ಕೆ ಎರಡು ಸಲ ಸೈರನ್ ಪರೀಕ್ಷೆ ನಡೆಯುತ್ತಿತ್ತು. ಸೈರನ್ ಆದ ತಕ್ಷಣ, ಪರೀಕ್ಷೆಯೋ ನಿಜವೋ ಎಂದು ನೋಡದೆ, ಎಲ್ಲಿದ್ದರೂ ಬಂದು ದಕ್ಷಿಣದ ಬಾಗಿಲು ತೆರೆದು ನಿಲ್ಲಬೇಕು. ಬಿಡುಗಡೆಯ ಸೈರನ್ ಆಗುವವರೆಗೆ ಬಿಟ್ಟು ಹೋಗಬಾರದು. ಮೆಕ್ಯಾನಿಕ್ ಲ್ಯೂಡರ್ಸ್ ಇದನ್ನು ಅವರಿಗೆ ಮೊದಲ ದಿನವೇ ಬಾಯಲ್ಲಿ ಹೇಳಿದ್ದ, ಅವರು ಮೂರು ಸಲ ಮರಳಿ ಹೇಳುವಂತೆ ಮಾಡಿದ್ದ.

1979ರಲ್ಲಿ ಕಲ್ಯಾಣಪುರದಲ್ಲಿ ತಾಯಿ ತೀರಿಕೊಂಡರು. ಟೆಲಿಗ್ರಾಂ ಬೆಳಿಗ್ಗೆ ಬಂದಿತ್ತು; ಕೆಳಗೆ ಅದನ್ನು ತಲುಪಿಸುವವರು ಯಾರೂ ಇರಲಿಲ್ಲ. ಸಂಜೆ ಮೇಲೆ ಬಂದು ಓದಿದರು. ಅಲ್ಲಿ ಅಷ್ಟು ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಮಾರನೆಯ ದಿನ ಹನ್ನೊಂದನೆಯ ಕೋಣೆಯ ಕಂಬಳಿಗಳಿದ್ದವು, ಕೆಲಸಕ್ಕೆ ಹೋದರು.

"ಅತ್ತಿರಾ, ಮಾವ್ಶಿ?"

"ಅಳಲು ಬರಲಿಲ್ಲ. ಬರ್ತದೆ ಅಂತ ಕೆಲವು ದಿನ ಕಾದೆ. ಮತ್ತೆ ಮರೆತುಹೋಯ್ತು."

1983ರಲ್ಲಿ ಅಮೆರಿಕದ ಹೊಸ ಕ್ಷಿಪಣಿಗಳು ಪಶ್ಚಿಮ ಜರ್ಮನಿಗೆ ಬರುವ ಹೊತ್ತಿಗೆ ಊರೂರಿನಲ್ಲಿ ಮೆರವಣಿಗೆಗಳಾದವು. ಶಾಲೆಯ ಗೇಟಿನಲ್ಲೂ ಜನ ನಿಂತರು. ಅವರಲ್ಲಿ ಡಾಕ್ಟರುಗಳೂ ಇದ್ದರು. ಅಣುಬಾಂಬು ಬಿದ್ದ ಮೇಲೆ ಯಾವ ಆಸ್ಪತ್ರೆಯಿಂದಲೂ ಪ್ರಯೋಜನವಿಲ್ಲ, ಹಾಸಿಗೆ ಸಿದ್ಧವಿದೆ ಎನ್ನುವುದೇ ಸುಳ್ಳು ಭರವಸೆ ಎಂಬುದು ಅವರ ವಾದ. ಒಬ್ಬಳು ಡಾಕ್ಟರ್ ಫಿಲೋಮಿನಾ ಬಾಯಿಯನ್ನು ತಡೆದು ಅದನ್ನು ಸಮಾಧಾನವಾಗಿ ವಿವರಿಸಿದಳು.

"ನೀವೆಂತ ಹೇಳಿದ್ರಿ?" ಎಂದೆ ನಾನು.

"ನೀವು ಹೇಳುವುದು ಸರಿ ಇರಬಹುದು ಅಂತ ಹೇಳಿದೆ."

"ಮತ್ತೆ?"

"ಮತ್ತೆ ಕೆಳಗೆ ಹೋದೆ. ಸರಿ ಇದ್ರೂ ಕಂಬಳಿ ಹರಿಯುವುದು ನಿಲ್ತದಾ?"

ಎರಡು ಜರ್ಮನಿಗಳು ಒಂದಾದ ಮಾರನೆಯ ವರ್ಷ, ಗಡಿಯ ಆಚೆ ಮಾಗ್ಡೆಬರ್ಗ್ ಕಡೆಯಿಂದ ಇಲ್ಸೆ ಎಂಬ ನರ್ಸ್ ಜಿಲ್ಲಾ ಆಸ್ಪತ್ರೆಗೆ ಕೆಲಸಕ್ಕೆ ಬಂದಳು. ಕ್ಯಾಂಟೀನಿನಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂತರು. ನೀವು ಯಾವ ವಾರ್ಡು ಎಂದು ಇಲ್ಸೆ ಕೇಳಿದಳು. ಫಿಲೋಮಿನಾ ಬಾಯಿ ಹೇಳಿದರು. ಇಲ್ಸೆ ಚಮಚ ಕೆಳಗಿಟ್ಟಳು. ಅವಳೂ ಆಚೆ ಕಡೆ ಅದೇ ಕೆಲಸದಲ್ಲಿದ್ದವಳು. ಗುಡ್ಡದೊಳಗೆ ಕೊರೆದ ಆಸ್ಪತ್ರೆ, ಹಾಸಿಗೆಗಳು ಸ್ವಲ್ಪ ಕಡಿಮೆ.

ಆ ಮಾತುಕತೆಯನ್ನು ಅವರು ನಮಗೆ ಇಬ್ಬರ ದನಿಯಲ್ಲೂ ಹೇಳಿದರು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗ ಒಮ್ಮೆ.

"ನಿಮ್ಮಲ್ಲಿ ಕಂಬಳಿ ವರ್ಷಕ್ಕೆ ಎಷ್ಟು ಸಲ ಮಡಿಸ್ತೀರಿ?"

"ಒಂದು ಸಲ."

"ನಾವು ಎರಡು ಸಲ."

"ಅದಕ್ಕೇ ನೀವು ಗೆದ್ದದ್ದು."

ನೀವು ಪಶ್ಚಿಮದವರೇ ಮೊದಲು ಬಾಂಬು ಹಾಕುವುದೆಂದು ತಮಗೆ ಹೇಳಿದ್ದರು ಎಂದಳು ಇಲ್ಸೆ. ನಮಗೆ ನಿಮ್ಮ ಬಗ್ಗೆ ಹಾಗೇ ಹೇಳಿದ್ದರು ಎಂದರು ಇವರು. ಇಬ್ಬರೂ ಆಲೂಗಡ್ಡೆಯ ಸೂಪು ಮುಗಿಸಿದರು. ತನ್ನ ಕೆಲಸ ಹೇಗೆ ಮುಗಿಯಿತೆಂದೂ ಇಲ್ಸೆ ಹೇಳಿದಳು. ಅವರ ದೇಶವೇ ಇಲ್ಲವಾಗುವ ಕೆಲವು ವಾರ ಮೊದಲು ಒಬ್ಬ ಅಧಿಕಾರಿ ಸಮವಸ್ತ್ರದಲ್ಲಿ ಬಂದ, ಬೀಗದ ಕೈ ತೆಗೆದುಕೊಂಡ, ಕೈಕುಲುಕಿದ, "ನಿಮ್ಮ ಪಾಳಿ ಮುಗಿಯಿತು, ಮನೆಗೆ ಹೋಗಿ" ಎಂದ.

"ಬಾಯಲ್ಲಿ ಹೇಳಿದ್ನಾ?" ಎಂದು ಫಿಲೋಮಿನಾ ಬಾಯಿ ಕೇಳಿದ್ದರಂತೆ.

"ಹೌದು. ಬಾಯಲ್ಲಿ."

ನಮಗೆ ಇದನ್ನು ಹೇಳಿ ಅವರು ಕಿಟಕಿಯ ಕಡೆ ನೋಡಿದರು. "ಸೋತವರಿಗೆ ಹೇಳಿದ್ರು. ನಮಗೆ ಹೇಳ್ಲಿಕ್ಕೆ ಯಾರೂ ಬರ್ಲಿಲ್ಲ."

ನಿಜಕ್ಕೂ ಯಾರೂ ಬರಲಿಲ್ಲ. ಮೊದಲು ಊರಿನ ಹಳೆಯ ಸೈರನ್‌ಗಳನ್ನು ಕಳಚಿದರು. ಆಮೇಲೆ ಲ್ಯೂಡರ್ಸ್ ಹೃದಯಾಘಾತದಿಂದ ತೀರಿಕೊಂಡ. 1996ರಲ್ಲಿ ಲಾರಿಗಳು ಬಂದು ಹಾಸಿಗೆ ಕಂಬಳಿಗಳನ್ನು ನೆರವಿನ ಸಾಮಾನೆಂದು ಬೋಸ್ನಿಯಾಕ್ಕೆ ಒಯ್ದವು. ಇವರನ್ನು ಜಿಲ್ಲಾ ಆಸ್ಪತ್ರೆಯ ವಾರ್ಡಿಗೆ ಹಾಕಿದರು. ಸಂಬಳ ಅಲ್ಲಿಂದ ಬಂತು, ನಿವೃತ್ತಿಯೂ ಅಲ್ಲೇ ಆಯಿತು. ದಕ್ಷಿಣದ ಬಾಗಿಲಿಗೆ ಗೋಡೆ ಕಟ್ಟಿದ್ದು ಅವರಿಗೆ ತಿಳಿದದ್ದು ಆ ದಾರಿಯಲ್ಲಿ ನಡೆದು ಹೋಗುವಾಗ. ಸೈರನ್ ಆದರೆ ಬಂದು ನಿಲ್ಲಬೇಕೆಂಬ ಆದೇಶವನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಇಪ್ಪತ್ತೈದಕ್ಕಿಂತ ಹೆಚ್ಚು ವರ್ಷ ಊರಿನಲ್ಲಿ ಸೈರನ್ನೇ ಇರಲಿಲ್ಲ, ಹಾಗಾಗಿ ತೊಂದರೆಯೂ ಇರಲಿಲ್ಲ.

ಜೆನಿಫರ್ ಮಾರ್ಚ್ ತಿಂಗಳಿನಲ್ಲಿ ಜಿಲ್ಲಾ ಕಚೇರಿಗೆ ಫೋನ್ ಮಾಡಿದಳು. ಅವರು ಹುಡುಕಿ ನೋಡಿ, ಅಂಥ ಹುದ್ದೆ ಈಗ ಇಲ್ಲ, ಅದನ್ನು ನಡೆಸುತ್ತಿದ್ದ ವಿಭಾಗವೂ ಇಲ್ಲ ಎಂದರು. ಜೆನಿಫರ್ ಸಂತೋಷದಿಂದ ಬಂದು ಹೇಳಿದಳು.

"ಹುದ್ದೆಯೇ ಇಲ್ಲವಂತೆ, ಮಾವ್ಶಿ. ಮುಗೀತು."

"ಇಲ್ಲದ ಹುದ್ದೆಯಿಂದ ನನ್ನನ್ನು ಬಿಡಿಸುವುದು ಹೇಗೆ? ನಾನು ಇದ್ದೇನಲ್ಲ."

"ಹಾಗಾದ್ರೆ ಪಾದ್ರಿಗಳ ಹತ್ರ ಹೇಳಿಸ್ತೇನೆ."

"ಪಾದ್ರಿಗಳು ಪಾಪ ಮಾಫಿ ಮಾಡ್ತಾರೆ. ಇದು ಪಾಪ ಅಲ್ಲ, ಡ್ಯೂಟಿ."

"ನಿಮಗೆ ಆ ವೃದ್ಧಾಶ್ರಮವೇ ಬೇಕಾ ಹಾಗಾದ್ರೆ?"

"ಬೇಡ."

"ಮತ್ತೆ ಆ ದಿನ ಮನೆಯಲ್ಲಿ ಕೂತ್ಕೊಳ್ಳಿ. ಒಂದು ದಿನ."

"ಕೂತ್ಕೊಳ್ಳಲಿಕ್ಕೆ ಆಗುವುದಿಲ್ಲ, ಜೆನ್ನಿ. ಆ ದಿನ ಒಲೆ ಆರಿಸಿದ್ದು ಕೈ. ನಾನು ಹೇಳಿ ಆರಿಸಿದ್ದಲ್ಲ."

ಜೆನಿಫರ್ ಎದ್ದು ಬಾತ್‌ರೂಮಿಗೆ ಹೋದಳು. ನೀರು ಬಿಟ್ಟ ಸದ್ದು ತುಂಬ ಹೊತ್ತು ಕೇಳಿತು.

ಲ್ಯಾಬಿನಲ್ಲಿ ಒಂದು ಯಂತ್ರ ನಿಲ್ಲದಿದ್ದರೆ ನಾವು ಮೊದಲು ನೋಡುವುದು ಅದು ಯಾವ ಸಂಕೇತಕ್ಕೆ ಕಾಯುತ್ತಿದೆ ಎಂದು. ನಾನು ಅದನ್ನೇ ಕೇಳಿದೆ. "ವಾರ್ಡಿನಲ್ಲಿದ್ದಾಗ ನಿಮ್ಮ ಡ್ಯೂಟಿ ಮುಗಿಯುತ್ತಿದ್ದದ್ದು ಹೇಗೆ?"

"ಊಬರ್‌ಗಾಬೆ ಆದ ಮೇಲೆ," ಎಂದರು. ನಂತರದ ಪಾಳಿಯ ನರ್ಸ್ ಬರುತ್ತಾಳೆ. ಅವಳಿಗೆ ಒಂದೊಂದೇ ಹಾಸಿಗೆಯ ಸ್ಥಿತಿ ಬಾಯಲ್ಲಿ ಹೇಳಬೇಕು, ಅವಳು ಮರಳಿ ಹೇಳಬೇಕು. ಕೊನೆಯಲ್ಲಿ ಅವಳು ವಹಿಸಿಕೊಂಡೆ ಎಂದ ಮೇಲೆ ಮೊದಲಿನವಳು ಹೊರಗೆ. ಅವಳು ಬಾರದಿದ್ದರೆ, ಎಷ್ಟೇ ಹೊತ್ತಾದರೂ ಮೊದಲಿನವಳು ವಾರ್ಡು ಬಿಡುವಂತಿಲ್ಲ.

"ಕೆಳಗಿನ ಆಸ್ಪತ್ರೆಯಲ್ಲಿ ನಿಮ್ಮ ನಂತರ ಯಾರೂ ಬರಲಿಲ್ಲ."

"ಇಲ್ಲ."

ಬಾತ್‌ರೂಮಿನ ಬಾಗಿಲಲ್ಲಿ ಜೆನಿಫರ್ ಟವೆಲ್ ಹಿಡಿದು ನಿಂತಿದ್ದಳು. "ನಾನು ಬಂದ್ರೆ ಆಗ್ತದಾ?"

ಫಿಲೋಮಿನಾ ಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ನರ್ಸಲ್ಲ."

"ಕೆಳಗೆ ನರ್ಸಿನ ಕೆಲಸ ಎಂತ ಇತ್ತು? ಕಂಬಳಿ ಮಡಿಸುವುದು ತಾನೇ?"

"ನಿನಗೆ ಮಡಿಸಲಿಕ್ಕೂ ಬರುವುದಿಲ್ಲ. ನಿನ್ನ ರೂಮು ನೋಡಿದ್ದೇನೆ. ಅದಲ್ಲದೆ ಜರ್ಮನ್ ಪಾಸ್‌ಪೋರ್ಟ್ ಬೇಕು. ನಿಯಮ."

ಜೆನಿಫರ್ ಬಳಿ ಇದ್ದದ್ದು ಭಾರತದ ಪಾಸ್‌ಪೋರ್ಟ್ ಮತ್ತು ಬ್ಲೂ ಕಾರ್ಡ್. ಆ ನಿಯಮ ಮಾಡಿದ ಕಚೇರಿಯೇ ಈಗ ಇಲ್ಲವಲ್ಲ ಎಂದೆ ನಾನು. "ನನಗೆ ಡ್ಯೂಟಿ ಹೇಳಿದ್ದೂ ಅದೇ ಕಚೇರಿ, ರಾಮದಾಸ್. ನಿಮಗೆ ಬೇಕಾದ ಕಡೆ ಮಾತ್ರ ಅದನ್ನು ಸಾಯಿಸ್ಬೇಡಿ," ಎಂದರು.

ಅವರು ಅದನ್ನು ಕೆಲವು ತಿಂಗಳು ಯೋಚಿಸಿದರು. ನಾವು ಒತ್ತಾಯಿಸಲಿಲ್ಲ. ಜುಲೈಯ ಒಂದು ಭಾನುವಾರ ಊಟಕ್ಕೆ ಬಡಿಸುತ್ತ ತಾವೇ ಹೇಳಿದರು. ಕಾಯಂ ನರ್ಸ್ ಸಿಗುವವರೆಗೆ ಬದಲಿಯಾಗಿ ಯಾರನ್ನಾದರೂ ನಿಲ್ಲಿಸಬಹುದು, ಬದಲಿಗೆ ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ. "ಬದಲಿ ಅಂತ ಮಾಡಿದ್ರೆ ಆದೀತು."

"ಆಯ್ತು. ಬದಲಿ," ಎಂದಳು ಜೆನಿಫರ್.

ಆಗಸ್ಟಿನಲ್ಲಿ, ಶಾಲೆಗೆ ರಜೆ ಇದ್ದ ಒಂದು ಭಾನುವಾರ ಮಧ್ಯಾಹ್ನ, ಮೂವರೂ ಅಲ್ಲಿಗೆ ಹೋದೆವು. ಕೆಳಗೆ ಇಳಿಯುವ ದಾರಿ ಇರಲಿಲ್ಲ. ಆಸ್ಪತ್ರೆಯ ಮೇಲೆ ಈಗ ಕಾರು ನಿಲ್ಲಿಸುವ ಡಾಂಬರಿನ ಅಂಗಳ. ಫಿಲೋಮಿನಾ ಬಾಯಿ ಗೋಡೆಯ ಮುಂದೆ ನಿಂತು, ಬೆನ್ನು ಅದಕ್ಕೆ ತಾಗಿಸಿ ದಿಕ್ಕು ಹಿಡಿದುಕೊಂಡರು. ಆಮೇಲೆ ಅಂಗಳದ ಮೇಲೆ ನಡೆಯತೊಡಗಿದರು. ಜೆನಿಫರ್ ಎಡಗಡೆ, ಒಂದು ಹೆಜ್ಜೆ ಹಿಂದೆ. ಹಾಗೆ ನಡೆಯಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು.

"ಒಂದನೇ ಕೋಣೆ. ಮೂವತ್ತಾರು ಹಾಸಿಗೆ. ರೋಗಿಗಳಿಲ್ಲ."

"ಒಂದನೇ ಕೋಣೆ. ಮೂವತ್ತಾರು ಹಾಸಿಗೆ. ರೋಗಿಗಳಿಲ್ಲ," ಎಂದಳು ಜೆನಿಫರ್.

"ಎರಡನೇ ಕೋಣೆ. ಮೂವತ್ತಾರು. ರೋಗಿಗಳಿಲ್ಲ. ಮೇಲಿನ ಸಾಲಿನ ಒಂದು ಕೊಂಡಿ ಸಡಿಲ."

ಜೆನಿಫರ್ ಮರಳಿ ಹೇಳಿದಳು. ಕೊಂಡಿಯನ್ನು ಬಿಟ್ಟಳು. ಫಿಲೋಮಿನಾ ಬಾಯಿ ಕಾದರು. ಅವಳು ಅದನ್ನೂ ಸೇರಿಸಿ ಮತ್ತೆ ಹೇಳಿದ ಮೇಲೆ ಮುಂದೆ ನಡೆದರು.

ಯಾರದೋ ಒಂದು ಬಿಳಿ ವ್ಯಾನು ದಾರಿಗೆ ಅಡ್ಡ ನಿಂತಿತ್ತು. "ಇದರ ಅಡಿಯಲ್ಲಿ ಆಪರೇಶನ್ ಕೋಣೆ. ಎರಡು ಮೇಜು. ಖಾಲಿ." ವ್ಯಾನನ್ನು ಸುತ್ತಿ ಹೋದರು. ಅಡುಗೆಮನೆ, ಬಾವಿ, ಹೆಣ ಇಡುವ ಕೋಣೆ. ಖಾಲಿ, ಖಾಲಿ, ಖಾಲಿ. ಅವರ ದನಿ ಎಲ್ಲಿಯೂ ಏರಲಿಲ್ಲ, ಇಳಿಯಲಿಲ್ಲ. ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬಾಕೆ ನಿಂತು ನೋಡಿ, ಏನನ್ನೋ ಅಳತೆ ಮಾಡುತ್ತಿದ್ದೇವೆಂದುಕೊಂಡು ಹೋದಳು.

"ಹೆರಿಗೆ ಕೋಣೆ. ನಾಲ್ಕು ತೊಟ್ಟಿಲು. ಮಕ್ಕಳಿಲ್ಲ."

ಜೆನಿಫರ್ ತಡೆದಳು. "ಬಾಂಬು ಬೀಳುವಾಗ ಹೆರಿಗೆಯಾ?"

"ಎಲ್ಲ ಲೆಕ್ಕ ಹಾಕಿ ಕಟ್ಟಿದ್ದು. ನೀನು ಹೇಳು."

"ಹೆರಿಗೆ ಕೋಣೆ. ನಾಲ್ಕು ತೊಟ್ಟಿಲು. ಮಕ್ಕಳಿಲ್ಲ."

ಅಂಗಳದ ಇನ್ನೊಂದು ತುದಿಯಲ್ಲಿ, ಪೊದೆಗಳ ಹತ್ತಿರ, ಫಿಲೋಮಿನಾ ಬಾಯಿ ನಿಂತರು. ಸೈರನ್ ಆದರೆ ಎಲ್ಲಿದ್ದರೂ ಬಂದು ದಕ್ಷಿಣದ ಬಾಗಿಲಿಗೆ ನಿಲ್ಲುವುದು, ಬಿಡುಗಡೆಯವರೆಗೆ ಬಿಡದಿರುವುದು ಎಂದರು. ಜೆನಿಫರ್ ಅದನ್ನು ಮೂರು ಸಲ ಮರಳಿ ಹೇಳಬೇಕಾಯಿತು. ಆಮೇಲೆ "ವಹಿಸಿಕೊಂಡೆ" ಎಂದಳು. ಇಬ್ಬರೂ ಕೈಕುಲುಕಿದರು.

ಅವರು ಅತ್ತರೂ ಅಳಬಹುದು ಎಂದುಕೊಂಡು ನಾನು ಸ್ವಲ್ಪ ದೂರ ಹೋದೆ. ಹಾಗೇನೂ ಆಗಲಿಲ್ಲ. ಕಾರಿನಲ್ಲಿ ಅವರು ಸೀಟು ಬೆಲ್ಟ್ ಹಾಕಿಕೊಂಡು, ದಾರಿಯಲ್ಲಿ ಟೊಮೇಟೊ ತೆಗೆದುಕೊಳ್ಳಬೇಕಿತ್ತು, ಭಾನುವಾರ ಅಂಗಡಿ ಮುಚ್ಚಿರುತ್ತದಲ್ಲ ಎಂದರು.

ಸೆಪ್ಟೆಂಬರ್ ಹದಿನಾಲ್ಕು ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ ಹ್ಯಾನೋವರ್‌ನ ನಮ್ಮ ಕಚೇರಿಯಲ್ಲಿ ಎಲ್ಲರ ಮೊಬೈಲುಗಳೂ ಒಟ್ಟಿಗೆ ಅರಚಿದವು. ಜನ ನಗುತ್ತ ಅವನ್ನು ಒತ್ತಿ ಸುಮ್ಮನಾಗಿಸಿದರು. ನಾನು ಸಾಫ್ಟ್‌ವೇರ್ ವಿಭಾಗದ ಮಹಡಿಗೆ ಹೋದೆ. ಜೆನಿಫರ್ ಮೀಟಿಂಗ್ ಕೋಣೆಯ ಹೊರಗೆ ಬಂದು ಫೋನ್ ಹಿಡಿದು ನಿಂತಿದ್ದಳು. ಮಾವ್ಶಿ ಮನೆಯಲ್ಲೇ ಇದ್ದಾರೆಯೇ ಎಂದು ಕೇಳುವುದು ಅವಳ ಯೋಚನೆ. ಅಷ್ಟರಲ್ಲಿ ಅತ್ತ ಕಡೆಯಿಂದಲೇ ಕರೆ ಬಂತು. ನನಗೂ ಕೇಳಲಿ ಎಂದು ಅವಳು ಸ್ಪೀಕರ್ ಹಾಕಿದಳು.

"ಜೆನ್ನಿ, ಸೈರನ್ ಆಯ್ತು."

"ಹೌದು, ಮಾವ್ಶಿ. ನೀವು ಎಲ್ಲಿದ್ದೀರಿ?"

"ಮನೆಯಲ್ಲಿ. ಬೀನ್ಸ್ ಕೊಯ್ತಾ ಇದ್ದೇನೆ. ನೀನು ಎಲ್ಲಿದ್ದಿ?"

ಜೆನಿಫರ್ ನನ್ನ ಮುಖ ನೋಡಿದಳು. ಗೆದ್ದೆವು ಎಂಬ ನಗು ಅವಳ ಮುಖದಲ್ಲಿ ಬರತೊಡಗಿತ್ತು. "ಆಫೀಸಲ್ಲಿ," ಎಂದಳು.

ಅತ್ತ ಕಡೆ ಚೂರಿಯ ಸದ್ದು ನಿಂತಿತು.

"ಹಾಗಾದ್ರೆ ಬಾಗಿಲಲ್ಲಿ ಯಾರು?"

ಜೆನಿಫರ್ ಗಡಿಯಾರ ನೋಡಿದಳು. ಯಾರೂ ಇಲ್ಲ ಎಂದರೆ ಅವರು ಕೋಟು ಹಾಕಿಕೊಳ್ಳುತ್ತಾರೆ. ಅಲ್ಲೇ ಇದ್ದೇನೆ ಎಂದು ಸುಳ್ಳು ಹೇಳುವ ಅವಕಾಶವನ್ನು ಒಂದು ಮಾತಿನ ಹಿಂದೆ ಕಳೆದುಕೊಂಡಿದ್ದಳು. ಮೀಟಿಂಗ್ ಕೋಣೆಯ ಗಾಜಿನ ಹಿಂದಿನಿಂದ ಅವಳ ಮ್ಯಾನೇಜರ್ ಕೈಸನ್ನೆ ಮಾಡುತ್ತಿದ್ದ.

"ಹೊರಟೆ, ಮಾವ್ಶಿ. ನೀವು ಬೀನ್ಸ್ ಕೊಯ್ಯಿರಿ."

"ಬೇಗ ಹೋಗು. ಕೋಟು ಹಾಕ್ಕೋ."

ಒಳಗೆ ಹೋಗಿ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಬ್ಯಾಗು ತೆಗೆದುಕೊಂಡು ಬಂದಳು. ನಾನು ಕಾರು ತೆಗೆದೆ. ಅರ್ಧ ದಾರಿ ದಾಟಿದ ಮೇಲೆ, ಬೀಟ್‌ರೂಟ್ ಹೊಲಗಳ ನಡುವೆ ಹೋಗುತ್ತಿದ್ದಾಗ, ಯಾವುದೋ ಹಳ್ಳಿಯ ಕಡೆಯಿಂದ ಬಿಡುಗಡೆಯ ಉದ್ದನೆಯ ಕೂಗು ಕೇಳಿತು. ಈ ಸಲ ಎಲ್ಲವೂ ಸರಿಯಾಗಿತ್ತು. ವಾಪಸು ಹೋಗೋಣವೇ ಎಂದು ಕೇಳಿದೆ.

"ಬೇಡ," ಎಂದಳು. "ಹೋಗುವ."

ಶಾಲೆಯ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಅವಳು ಒಬ್ಬಳೇ ಇಳಿದು ಗೋಡೆಯ ಹತ್ತಿರ ಹೋಗಿ, ಅದಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಫೋನ್ ಮಾಡಿದಳು. ಅವಳ ಮಾತು ಮಾತ್ರ ನನಗೆ ಕೇಳುತ್ತಿತ್ತು.

"ಬಂದಿದ್ದೇನೆ, ಮಾವ್ಶಿ… ಹೌದು, ಬಿಡುಗಡೆ ಆಗಿದೆ… ಇಲ್ಲ, ಯಾರೂ ಬರ್ಲಿಲ್ಲ… ಖಾಲಿ. ಎಲ್ಲ ಖಾಲಿ."

ಫಿಲೋಮಿನಾ ಬಾಯಿ ಈಗಲೂ ಮೂರನೆಯ ಮಹಡಿಯ ಆ ಮನೆಯಲ್ಲೇ ಇದ್ದಾರೆ. ವೈದ್ಯ ನ್ಯಾಯಾಲಯಕ್ಕೆ ಬರೆಯಬೇಕಾಗಿ ಬರಲಿಲ್ಲ. ಸೈರನ್ ಆದಾಗ ಅವರು ಎದ್ದು ಹೋಗುವುದಿಲ್ಲ, ಫೋನ್ ಮಾಡುತ್ತಾರೆ ಅಷ್ಟೇ. ಜೆನಿಫರ್ ಮುಂದಿನ ಸೈರನ್ ದಿನವಾದ 2024ರ ಸೆಪ್ಟೆಂಬರ್ ಹನ್ನೆರಡಕ್ಕೆ ಜನವರಿಯಲ್ಲೇ ರಜೆ ಹಾಕಿದ್ದಳು. ಆ ಬೆಳಿಗ್ಗೆ ರೈಲಿನಲ್ಲಿ ಒಬ್ಬಳೇ ಹೋದಳು, ಸೈರನ್ ಆಗುವ ಮೊದಲೇ ಗೋಡೆಯ ಮುಂದೆ ಇದ್ದಳು. ಹೇಗನ್ನಿಸಿತು ಎಂದು ಮಾರನೆಯ ದಿನ ಕ್ಯಾಂಟೀನಿನಲ್ಲಿ ಕೇಳಿದೆ.

"ಏನೂ ಅನ್ನಿಸ್ಲಿಲ್ಲ, ಮಾರಾಯ್ರೆ," ಎಂದಳು. "ನಿಂತೆ, ಬಂದೆ."